ಮಳೆಗೆ ಮೊದಲು ದಿಬ್ಬವೋ, ಎಲೆಕ್ಟ್ರಾನಿಕ್ ಟಾರ್ಗೆಟ್ಟೋ: ನಮ್ಮ ಶೂಟಿಂಗ್ ಮೈದಾನದ ನಿರ್ವಹಣೆಯ ಕುರಿತು

ನಿರ್ವಹಣಾ ಸಮಿತಿ

ಹಿರಿಯಡ್ಕದ ಕಡೆಯ ನಮ್ಮ ಶೂಟಿಂಗ್ ಮೈದಾನದ ಸದಸ್ಯರೆಲ್ಲರ ಗಮನಕ್ಕೆ. ಪ್ರತಿ ವರ್ಷದಂತೆ ಈ ಸಲವೂ ಐವತ್ತು ಮೀಟರ್‌ನ ತೆರೆದ ಸಾಲನ್ನು ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಮುಚ್ಚಿ, ಸೋಣ ತಿಂಗಳು (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಕಳೆದು ಮಳೆ ಹಿಡಿತಕ್ಕೆ ಬಂದ ಮೇಲೆ ತೆರೆಯುವುದೆಂದು ತೀರ್ಮಾನಿಸಲಾಗಿದೆ. ಮಾಡಿನಡಿಯ ಹತ್ತು ಮೀಟರ್ ಸಾಲು ಮಳೆಗಾಲದುದ್ದಕ್ಕೂ ನಡೆಯುತ್ತದೆ. ಮುಚ್ಚುವುದಕ್ಕೆ ಮೊದಲು ಆಗಬೇಕಾದ ಕೆಲಸಗಳು ಹಲವಿವೆ: ಗುರಿಹಲಗೆಗಳ ಚೌಕಟ್ಟಿಗೆ ಗೆದ್ದಲು ಹಿಡಿದಿದೆ, ದನಗಳು ನುಗ್ಗುವ ಕಡೆ ಬೇಲಿ ಬಿದ್ದಿದೆ, ಕೆಂಪು ಬಾವುಟದ ಕಂಬ ತುಕ್ಕು ಹಿಡಿದು ವಾಲಿದೆ, ಶೂಟರ್‌ಗಳು ನಿಲ್ಲುವ ಜಾಗದ ಮಾಡಿನ ಶೀಟುಗಳು ಅಲ್ಲಲ್ಲಿ ಸೀಳಿವೆ. ಇವುಗಳ ಬಗ್ಗೆ ಭಿನ್ನಾಭಿಪ್ರಾಯ ಇರಲಾರದು.

ಅಭಿಪ್ರಾಯ ಬೇಕಾಗಿರುವುದು ಉಳಿತಾಯದ ಹಣದ ವಿಚಾರದಲ್ಲಿ. ಹತ್ತು ಮೀಟರ್ ಸಾಲಿಗೆ, ಗುಂಡು ತಾಗಿದ ಜಾಗವನ್ನು ತಾನೇ ಅಳೆದು ಪರದೆಯಲ್ಲಿ ಅಂಕ ತೋರಿಸುವ ಎರಡು ಎಲೆಕ್ಟ್ರಾನಿಕ್ ಟಾರ್ಗೆಟ್ ಕೊಳ್ಳಬೇಕೆಂದು ಪೋಷಕರು ಕೇಳುತ್ತಿದ್ದಾರೆ. ಐವತ್ತು ಮೀಟರ್ ಸಾಲಿನ ಹಿಂದಿರುವ ಮಣ್ಣಿನ ದಿಬ್ಬವನ್ನು ಸರಿಪಡಿಸಿದ ಮೇಲೆಯೇ ಉಳಿದ ಮಾತು ಎಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಎರಡಕ್ಕೂ ಸಾಲುವಷ್ಟು ಹಣ ಈ ವರ್ಷ ಇಲ್ಲ. ದಯವಿಟ್ಟು ಬರಹದ ಮೇಲೆ ನಿಮ್ಮ ಹೆಸರನ್ನೋ ಅಡ್ಡಹೆಸರನ್ನೋ ಹಾಕಿ ಕಾರಣಸಹಿತ ಬರೆಯಿರಿ. ಮೈದಾನದ ನೆರೆಯವರು ಸದಸ್ಯರಲ್ಲದಿದ್ದರೂ ಬರೆಯಬಹುದು.

ಹತ್ತು ಮೀಟರ್

ವಾರದ ದಿನಗಳಲ್ಲಿ ಮೈದಾನಕ್ಕೆ ಬರುವವರಲ್ಲಿ ಹೆಚ್ಚಿನವರು ಮಕ್ಕಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದ ಮೇಲೆ ಹೆಣ್ಣುಮಕ್ಕಳನ್ನು ಕರೆತರುವ ತಂದೆತಾಯಿಯರು ಹೆಚ್ಚಿದ್ದಾರೆಂಬುದನ್ನು ಎಲ್ಲರೂ ನೋಡಿದ್ದೇವೆ. ಈ ಮಕ್ಕಳು ನಮ್ಮಲ್ಲಿ ಕಾಗದದ ಗುರಿಗೆ ಹೊಡೆದು ಅಭ್ಯಾಸ ಮಾಡಿ, ಸ್ಪರ್ಧೆಗೆ ಹೋದಾಗ ಮೊದಲ ಬಾರಿಗೆ ಪರದೆಯ ಮುಂದೆ ನಿಲ್ಲುತ್ತಾರೆ. ಏರ್ ರೈಫಲ್ ಗುರಿಯ ನಡುವಿನ ಹತ್ತರ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್. ಹತ್ತು ಅಂಕವನ್ನೇ 10.0ರಿಂದ 10.9ರವರೆಗೆ ಒಡೆದು ಎಣಿಸುವ ಈ ಕಾಲದಲ್ಲಿ ಕಾಗದದ ತೂತನ್ನು ಕಣ್ಣಲ್ಲಿ ನೋಡಿ 10.2 ಯಾವುದು, 10.7 ಯಾವುದು ಎಂದು ಹೇಳುವುದು ಆಗದ ಮಾತು. ನಮ್ಮ ಕರಾವಳಿಯ ಹವೆಯಲ್ಲಂತೂ ಜೂನ್ ಬಂತೆಂದರೆ ಗುರಿಯ ಕಾರ್ಡು ತೇವ ಕುಡಿದು ಉಬ್ಬುತ್ತದೆ, ಗುಂಡು ತೂರಿದ ಅಂಚು ನೀಟಾಗಿ ಕತ್ತರಿಸದೆ ಹರಿಯುತ್ತದೆ, ಗೇಜ್ ಇಟ್ಟು ಅಳೆದರೂ ಜಗಳ ಮುಗಿಯುವುದಿಲ್ಲ.

ಅರವತ್ತು ಗುಂಡುಗಳನ್ನು ಎಪ್ಪತ್ತೈದು ನಿಮಿಷಗಳಲ್ಲಿ ಮುಗಿಸುವ ಲಯ ಮಕ್ಕಳ ಮೈಗೆ ಹತ್ತಬೇಕಾದರೆ, ಪ್ರತಿ ಗುಂಡಿಗೂ ಹಗ್ಗ ಎಳೆದು ಕಾರ್ಡು ಬದಲಿಸುವ ವ್ಯವಸ್ಥೆ ಅವರ ಮಧ್ಯೆ ಬರಬಾರದು. ಮಳೆಗಾಲದ ನಾಲ್ಕು ತಿಂಗಳು ನಡೆಯುವುದು ಹತ್ತು ಮೀಟರ್ ಸಾಲು ಮಾತ್ರ, ಆದುದರಿಂದ ಹಣ ಅಲ್ಲಿಗೇ ಹೋಗುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಮುರಕಲ್ಲು

ಎಲೆಕ್ಟ್ರಾನಿಕ್ ಟಾರ್ಗೆಟ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದು ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ, ಈ ಜೂನ್‌ನಲ್ಲಿ ತೊಳೆದುಹೋಗುವ ಮಣ್ಣು ಮುಂದಿನ ವರ್ಷ ಹಿಂದಕ್ಕೆ ಬರುವುದಿಲ್ಲ. ಕಟ್ಟಡ ಮತ್ತು ರಸ್ತೆಯ ಕೆಲಸದಲ್ಲಿ ಆಯುಷ್ಯ ಕಳೆದವನಾದ್ದರಿಂದ ದಿಬ್ಬದ ಸ್ಥಿತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಮೈದಾನ ಮುರಕಲ್ಲು (ಜಂಬಿಟ್ಟಿಗೆ) ತೆಗೆದು ಬಿಟ್ಟ ಹಳೆಯ ಕೋರೆ. ಮೂರು ಕಡೆ ಗೋಡೆಯಂತೆ ನೆಟ್ಟಗೆ ನಿಂತ ದರೆ ಇರುವುದರಿಂದ ಗುಂಡು ಹೊರಗೆ ಹೋಗಲಾರದೆಂಬ ಧೈರ್ಯ ಎಲ್ಲರಲ್ಲಿದೆ. ಆ ಧೈರ್ಯ ಅರ್ಧ ಮಾತ್ರ ಸರಿ. ದರೆ ಗುಂಡನ್ನು ತಡೆಯುತ್ತದೆ ನಿಜ, ಹಿಡಿಯುವುದಿಲ್ಲ. ಗುಂಡನ್ನು ಹಿಡಿಯುವುದು ಕಲ್ಲಿಲ್ಲದ ಸಡಿಲ ಮಣ್ಣು. ಅದಕ್ಕಾಗಿಯೇ ಆರಂಭದಲ್ಲಿ ದರೆಯ ಮುಂದೆ ಮಣ್ಣು ಸುರಿದು ಇಳಿಜಾರಿನ ದಿಬ್ಬ ಮಾಡಲಾಗಿತ್ತು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಪ್ರತಿ ಮಳೆಗಾಲದಲ್ಲೂ ನುಣ್ಣಗಿನ ಮಣ್ಣು ಕೆಂಪು ನೀರಾಗಿ ಇಳಿದುಹೋಗಿ, ಅದರೊಳಗೆ ಅಡಗಿದ್ದ ಕಲ್ಲಿನ ಚೂರುಗಳು ಮೇಲೆ ಬಂದು ಕುಳಿತಿವೆ. ಈಗ ಹತ್ತಿರ ಹೋಗಿ ನೋಡಿದರೆ ದಿಬ್ಬದ ಮುಖ ಜಲ್ಲಿ ಹಾಸಿದಂತೆ ಕಾಣುತ್ತದೆ.

ಇನ್ನೊಂದು ತೊಂದರೆ ಮಳೆಯದ್ದಲ್ಲ, ನಮ್ಮದೇ ನಿಖರತೆಯದ್ದು. ಒಂದೇ ಗುರಿಗೆ ವರ್ಷಗಟ್ಟಲೆ ಹೊಡೆದರೆ ಗುಂಡುಗಳೆಲ್ಲ ದಿಬ್ಬದ ಒಂದೇ ಬಿಂದುವಿನಲ್ಲಿ ಹೋಗಿ ಸೇರುತ್ತವೆ. ಅಲ್ಲಿ ಕುಳಿ ಬೀಳುತ್ತದೆ, ಕುಳಿಯೊಳಗೆ ಸೀಸದ ಗಟ್ಟಿ ಕಟ್ಟುತ್ತದೆ. ಹೊಸ ಗುಂಡು ಆ ಗಟ್ಟಿಗೋ ಪಕ್ಕದ ಕಲ್ಲಿಗೋ ತಾಗಿದರೆ ಮಣ್ಣಿನೊಳಗೆ ಹೋಗುವ ಬದಲು ದಿಕ್ಕು ತಪ್ಪಿ ಹಾರುತ್ತದೆ. ಐವತ್ತು ಮೀಟರ್ ಸಾಲಿನಲ್ಲಿ ಹೊಡೆಯುವ ಪಾಯಿಂಟ್ 22 ಗುಂಡಿನ ತೂಕ ಬರೀ 2.6 ಗ್ರಾಮ್ ಎಂದು ಹಗುರವಾಗಿ ಕಾಣಬಾರದು: ತಕ್ಕ ಕೋನದಲ್ಲಿ ಮೇಲಕ್ಕೆ ಹಾರಿದರೆ ಅದು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಕಳೆದ ಕೆಲವು ಭಾನುವಾರ ಐವತ್ತು ಮೀಟರ್ ಸಾಲಿನಲ್ಲಿ ‘ಸುಂಯ್’ ಎಂಬ ಸದ್ದು ಕೇಳಿದವರು ನಾನೊಬ್ಬನೇ ಅಲ್ಲ.

ಆಗಬೇಕಾದುದು ಇಷ್ಟು. ದಿಬ್ಬದ ಮುಖದ ಮಣ್ಣನ್ನು ಒಂದಡಿಗೂ ಹೆಚ್ಚು ಆಳಕ್ಕೆ ತೆಗೆದು ಜರಡಿ ಹಿಡಿದು, ಸೀಸವನ್ನೂ ಕಲ್ಲನ್ನೂ ಬೇರ್ಪಡಿಸಿ, ಕಲ್ಲಿಲ್ಲದ ಮಣ್ಣನ್ನು ಮತ್ತೆ ಏರಿಸಬೇಕು. ದರೆಯ ಮೇಲಿನ ಗುಡ್ಡದಿಂದ ಹರಿದು ಬರುವ ಶುದ್ಧ ನೀರು ದಿಬ್ಬವನ್ನು ಮುಟ್ಟದೆ ಪಕ್ಕಕ್ಕೆ ಹೋಗುವಂತೆ ಮೇಲ್ಗಡೆ ಒಂದು ಕಣಿ ತೋಡಬೇಕು. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಅತಿ ಅಗ್ಗವಾದದ್ದೂ ಅತಿ ಮುಖ್ಯವಾದದ್ದೂ ಈ ಕಣಿಯೇ. ದಿಬ್ಬದ ನೆತ್ತಿ ಮತ್ತು ಎರಡು ಹೆಗಲುಗಳಿಗೆ ತೆಂಗಿನ ನಾರಿನ ಬಲೆ ಹೊದೆಸಿ ಲಾವಂಚ ನೆಡಬೇಕು. ಅದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗೆ ಹಲವು ಅಡಿ ಇಳಿದು ಮಣ್ಣನ್ನು ಹಿಡಿಯುತ್ತದೆ. ಸೀಸವಿರುವ ಮಣ್ಣಿನಲ್ಲೂ ಅದು ಸಾಯದೆ ಬೆಳೆಯುತ್ತದೆಂಬುದು ಇನ್ನೊಂದು ಅನುಕೂಲ. ಗುಂಡು ಬೀಳುವ ಮುಖದಲ್ಲಿ ಮಾತ್ರ ಏನನ್ನೂ ನೆಡಬಾರದು, ಮುಂದಿನ ಸಲ ಜರಡಿ ಹಿಡಿಯುವಾಗ ಬೇರುಗಳೇ ಅಡ್ಡಿಯಾಗುತ್ತವೆ. ಮೇ ಮೊದಲ ವಾರದೊಳಗೆ ನೆಟ್ಟು ನೀರು ಹನಿಸಿದರೆ ದೊಡ್ಡ ಮಳೆ ಹಿಡಿಯುವ ಹೊತ್ತಿಗೆ ಬೇರು ಕಚ್ಚಿರುತ್ತದೆ.

ಗುರಿಯ ಚೌಕಟ್ಟುಗಳ ವಿಚಾರಕ್ಕೆ ಕಬ್ಬಿಣ ಬೇಡವೇ ಬೇಡ. ಅಡಿಕೆ ಮರದ ಸಲಾಕೆ ನಮ್ಮೂರಿನಲ್ಲಿ ಬೇಕಾದಷ್ಟಿದೆ. ಗುಂಡು ತಾಗಿದರೆ ತೂತಾಗುತ್ತದೆಯೇ ಹೊರತು ಗುಂಡನ್ನು ತಿರುಗಿಸುವುದಿಲ್ಲ, ಗೆದ್ದಲು ತಿಂದರೆ ಬದಲಾಯಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಕೆಳಮನೆ

ನಾನು ಸದಸ್ಯನಲ್ಲ. ಮೈದಾನದ ಕೆಳಗಿನ ತೋಟ ನಮ್ಮದು. ಮೇಲಿನವರು ಬರೆದ ಕೆಂಪು ನೀರು ಎಲ್ಲಿಗೆ ಹೋಗುತ್ತದೆಂದು ಯಾರೂ ಬರೆಯದಿದ್ದುದರಿಂದ ಬರೆಯುತ್ತಿದ್ದೇನೆ: ಅದು ನಮ್ಮ ಅಡಿಕೆ ತೋಟದ ಮೇಲಿನ ತೋಡಿಗೆ (ಸಣ್ಣ ಹಳ್ಳಕ್ಕೆ) ಬರುತ್ತದೆ. ತೋಡಿನ ಬದಿಯಲ್ಲೇ ನಮ್ಮ ಬಾವಿ. ಆ ತೋಡು ಕೊನೆಗೆ ಸ್ವರ್ಣಾ ನದಿಗೆ ಸೇರುತ್ತದೆ, ಅದೇ ನದಿಗೆ ಬಜೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ ಉಡುಪಿ ನಗರ ನೀರು ಕುಡಿಯುತ್ತದೆ.

ಗುಂಡಿನ ಸದ್ದಿನ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ಭಾನುವಾರ ಬೆಳಿಗ್ಗೆಯ ಸದ್ದಿಗೆ ದನಗಳೂ ಹೊಂದಿಕೊಂಡಿವೆ. ಊರಿನ ದೈವಸ್ಥಾನದಲ್ಲಿ ಕೋಲವಿದ್ದ ದಿನ ನೀವಾಗಿಯೇ ಮುಚ್ಚುತ್ತೀರಿ, ಅದು ಒಳ್ಳೆಯ ನಡವಳಿಕೆ. ಆದರೆ ಸೀಸ ವಿಷವೆಂದು ಮಕ್ಕಳ ಪಾಠದಲ್ಲೇ ಇದೆ. ಇಷ್ಟು ವರ್ಷಗಳಲ್ಲಿ ಒಂದು ಬಾರಿಯಾದರೂ ಆ ನೀರನ್ನು ಪರೀಕ್ಷಿಸಿದ್ದೀರಾ? ನಮ್ಮ ಬಾವಿಯ ನೀರಿಗೆ ಒಗರು ರುಚಿಯಿದೆ, ಕೊಡದ ಒಳಗೆ ಕೆಂಪು ಕಲೆ ಕೂರುತ್ತದೆ. ಅದು ಸೀಸದಿಂದಲೇ?

ರಸಾಯನ ಪಾಠ

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನಾಗಿ ಕೆಳಮನೆಯವರ ಪ್ರಶ್ನೆಗೆ ಉತ್ತರಿಸುತ್ತೇನೆ. ಒಗರು ಮತ್ತು ಕೆಂಪು ಕಲೆ ಕಬ್ಬಿಣದ ಗುರುತು, ಮುರಕಲ್ಲಿನ ನೆಲದ ಎಷ್ಟೋ ಬಾವಿಗಳಲ್ಲಿ ಅದು ಇದ್ದದ್ದೇ. ಸೀಸಕ್ಕೆ ರುಚಿಯಾಗಲಿ ಬಣ್ಣವಾಗಲಿ ಇಲ್ಲ, ಆದ್ದರಿಂದ ನಾಲಗೆಯಿಂದಲೋ ಕಣ್ಣಿನಿಂದಲೋ ಅದು ಇದೆ ಅಥವಾ ಇಲ್ಲ ಎಂದು ಹೇಳಲಾಗದು. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಮ್ ಮೀರಬಾರದೆಂದು ಭಾರತೀಯ ಮಾನಕ ಐಎಸ್ 10500 ಹೇಳುತ್ತದೆ. ಪಂಚಾಯತಿಗಳಲ್ಲಿ ಬಳಸುವ ಸಾಮಾನ್ಯ ನೀರು ಪರೀಕ್ಷೆಯ ಪೆಟ್ಟಿಗೆಯಿಂದ ಇಷ್ಟು ಸಣ್ಣ ಪ್ರಮಾಣ ಗೊತ್ತಾಗುವುದಿಲ್ಲ. ಲೋಹಗಳನ್ನು ಅಳೆಯುವ ಯಂತ್ರವಿರುವ ಪ್ರಯೋಗಾಲಯಕ್ಕೇ ಮಾದರಿಯನ್ನು ಕಳಿಸಬೇಕು, ಅದೂ ಅವರು ಕೊಟ್ಟ ಬಾಟಲಿಯಲ್ಲಿ, ಅವರು ಹೇಳಿದಂತೆ ಆಮ್ಲ ಬೆರೆಸಿ.

ಮಣ್ಣಿನಲ್ಲಿ ಬಿದ್ದ ಸೀಸ ಸುಮ್ಮನೆ ಕುಳಿತಿರುವುದಿಲ್ಲ. ಗಾಳಿ ಮತ್ತು ತೇವದಲ್ಲಿ ಅದರ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ, ಆಮ್ಲೀಯ ನೀರಿನಲ್ಲಿ ಆ ಪೊರೆ ಕರಗುತ್ತದೆ. ಮಳೆ ಹೆಚ್ಚಿರುವ, ಮಣ್ಣು ಆಮ್ಲೀಯವಾಗಿರುವ ನಮ್ಮಂಥ ಊರಿನಲ್ಲಿ ಈ ಕ್ರಿಯೆ ಒಣನಾಡಿಗಿಂತ ಬೇಗ ನಡೆಯುತ್ತದೆ. ಇನ್ನೊಂದು ಕಡೆ ನಮ್ಮ ಕೆಂಪು ಮಣ್ಣಿನ ಕಬ್ಬಿಣದ ಆಕ್ಸೈಡುಗಳು ಮತ್ತು ಜೇಡಿ ಕರಗಿದ ಸೀಸವನ್ನು ಬಲವಾಗಿ ಹಿಡಿದಿಟ್ಟುಕೊಳ್ಳುತ್ತವೆ. ಆದುದರಿಂದ ಸೀಸ ಬಹುಮಟ್ಟಿಗೆ ಪ್ರಯಾಣ ಮಾಡುವುದು ನೀರಿನಲ್ಲಿ ಕರಗಿ ಅಲ್ಲ, ಕೆಸರಿನ ಕಣಗಳಿಗೆ ಅಂಟಿಕೊಂಡು. ಮಣ್ಣು ದಿಬ್ಬದಲ್ಲೇ ಉಳಿದರೆ ಸೀಸವೂ ಬಹುಪಾಲು ಅಲ್ಲೇ ಉಳಿಯುತ್ತದೆ. ಮುರಕಲ್ಲು ಅವರು ಸುರಕ್ಷತೆಗಾಗಿ ಹೇಳಿದ ಕಣಿ, ನಾರಿನ ಬಲೆ, ಲಾವಂಚಗಳೇ ಬಾವಿಗೂ ರಕ್ಷಣೆ.

ಜರಡಿ ಹಿಡಿದ ಮಣ್ಣನ್ನು ಏರಿಸುವಾಗ ಸುಣ್ಣದ ಕಲ್ಲಿನ ಪುಡಿಯನ್ನೋ ಕಪ್ಪೆಚಿಪ್ಪಿನ ಪುಡಿಯನ್ನೋ ಬೆರೆಸಿ ರಸಸಾರವನ್ನು (ಪಿಎಚ್) 6.5ರಿಂದ 8.5ರ ನಡುವೆ ತರಬೇಕು. ಸುಟ್ಟ ಸುಣ್ಣವನ್ನು ಸುರಿಯಬಾರದು, ಕ್ಷಾರ ಅತಿಯಾದರೆ ಸೀಸ ಮತ್ತೆ ಕರಗತೊಡಗುತ್ತದೆ. ತೋಟಕ್ಕೆ ಹಾಕುವ ಶಿಲಾರಂಜಕವೂ (ರಾಕ್ ಫಾಸ್ಫೇಟ್) ಸೀಸವನ್ನು ಕರಗದ ಖನಿಜವಾಗಿ ಕಟ್ಟಿಹಾಕುತ್ತದೆ, ಆದರೆ ತೋಡಿಗೆ ಇಷ್ಟು ಹತ್ತಿರದಲ್ಲಿ ಅದನ್ನು ಹಿತಮಿತವಾಗಿ ಬಳಸುವುದು ಒಳ್ಳೆಯದು.

ಕೆಳಮನೆ

ಉತ್ತರಕ್ಕೆ ಕೃತಜ್ಞತೆಗಳು. ನೀರು ಇಳಿಯುವ ಕಡೆ ಒಂದು ದೊಡ್ಡ ಇಂಗುಗುಂಡಿ ತೋಡಿದರೆ ತೋಡಿಗೆ ಏನೂ ಬರುವುದಿಲ್ಲವಲ್ಲ? ನಮ್ಮ ತೋಟದಲ್ಲಿ ಇಂಗುಗುಂಡಿಗಳಿಂದ ಬಾವಿಯ ನೀರು ಏರಿದೆ. ಜಾಗ ಬೇಕಾದರೆ ಗಡಿಯಲ್ಲಿ ಸ್ವಲ್ಪ ಬಿಟ್ಟುಕೊಡಲು ನಾನು ಸಿದ್ಧ.

ಮುರಕಲ್ಲು

ಜಾಗ ಕೊಡುವ ಮಾತು ದೊಡ್ಡದು, ಆದರೆ ಇಲ್ಲಿ ಇಂಗುಗುಂಡಿ ಬೇಡ. ಮುರಕಲ್ಲಿನಲ್ಲಿ ಸುರಂಗದಂತಹ ಸಂದುಗಳಿರುತ್ತವೆ. ಇಂಗಿಸಿದ ನೀರು ಮಣ್ಣಿನಲ್ಲಿ ಸೋಸದೆ ನೇರವಾಗಿ ನಿಮ್ಮ ಬಾವಿಗೇ ಹೋಗಬಹುದು. ಊರೆಲ್ಲ ಒಳ್ಳೆಯದೆಂದು ಮಾಡುವ ಕೆಲಸ ದಿಬ್ಬದ ಕೆಳಗೆ ಮಾತ್ರ ತಪ್ಪಾಗುತ್ತದೆ. ಇಲ್ಲಿ ಬೇಕಾಗಿರುವುದು ತಳಕ್ಕೆ ಜೇಡಿ ಬಡಿದು ಗಟ್ಟಿಮಾಡಿದ, ಅಗಲವಾದ, ಆಳವಿಲ್ಲದ ಹೂಳುಗುಂಡಿ. ನೀರು ಅದರಲ್ಲಿ ನಿಧಾನವಾಗಿ, ಕೆಸರನ್ನು ಕೆಳಗಿಳಿಸಿ, ಮೇಲಿನ ಅಂಚಿನಿಂದ ತಿಳಿಯಾಗಿ ಹೊರಬೀಳಬೇಕು. ಕೂತ ಹೂಳನ್ನು ಬೇಸಗೆಯಲ್ಲಿ ತೆಗೆದು ದಿಬ್ಬಕ್ಕೇ ಏರಿಸಬೇಕು, ತೋಟಕ್ಕೆ ಗೊಬ್ಬರವೆಂದು ಹಾಕಬಾರದು.

ಹತ್ತು ಮೀಟರ್

ದಿಬ್ಬದ ಕೆಲಸಕ್ಕೆ ನನ್ನ ವಿರೋಧವಿಲ್ಲ. ಆದರೆ ಒಂದು ಲೆಕ್ಕವನ್ನು ಸಮಿತಿ ಗಮನಿಸಲಿ. ಏರ್ ರೈಫಲ್‌ನ ಒಂದು ಪೆಲೆಟ್ ಸುಮಾರು 0.53 ಗ್ರಾಮ್. ಇಪ್ಪತ್ತು ಮಕ್ಕಳು ದಿನಕ್ಕೆ ನೂರರಂತೆ ವರ್ಷದಲ್ಲಿ ಇನ್ನೂರು ದಿನ ಹೊಡೆದರೆ 212 ಕಿಲೋ ಸೀಸವಾಗುತ್ತದೆ. ಐವತ್ತು ಮೀಟರ್ ಸಾಲಿನಲ್ಲಿ, ಮಳೆಗಾಲಕ್ಕೆ ಮುಚ್ಚುವುದನ್ನು ಲೆಕ್ಕಕ್ಕೆ ಹಿಡಿಯದೆ, ಹತ್ತು ಜನ ಐವತ್ತು ಭಾನುವಾರ ಐವತ್ತೈವತ್ತು ಗುಂಡು ಹೊಡೆದರೂ 65 ಕಿಲೋ. ಹೆಚ್ಚಿನ ಸೀಸ ಬೀಳುವುದು ನಮ್ಮ ಸಾಲಿನಲ್ಲೇ, ಅದು ಅಷ್ಟೂ ಗುರಿಯ ಹಿಂದಿನ ಕಬ್ಬಿಣದ ಡಬ್ಬಿಯೊಳಗೆ ಬಿದ್ದು ಒಂದು ಕಣವೂ ಮಳೆಗೆ ಸಿಗುವುದಿಲ್ಲ. ಮಕ್ಕಳ ಸಾಲು ಶುದ್ಧವಾಗಿರುವಾಗ ಮಕ್ಕಳ ಟಾರ್ಗೆಟ್ಟಿನ ಹಣವೇ ಮೊದಲು ಹೋಗಬೇಕೇ?

ರಸಾಯನ ಪಾಠ

ಲೆಕ್ಕ ಸರಿಯಾಗಿದೆ, ಅದರಿಂದ ಬರುವ ತೀರ್ಮಾನ ಬೇರೆ. 212 ಕಿಲೋ ಸೀಸವನ್ನು ಒಟ್ಟುಮಾಡಿ ಡಬ್ಬಕ್ಕೆ ತುಂಬಿದರೆ ಮುಗಿಯಿತು. ಆ 65 ಕಿಲೋ, ಮಳೆಗಾಲ ಕಳೆದು ಕಡಿಮೆಯಾದರೂ, ಪ್ರತಿ ವರ್ಷ ತೆರೆದ ಮಣ್ಣಿಗೆ ಸೇರಿ, ಹಿಂದಿನ ವರ್ಷಗಳದ್ದರ ಮೇಲೆ ಕೂಡುತ್ತಾ ಹೋಗುತ್ತದೆ. ಮಾಡಿನಡಿ ಅಪಾಯವಿರುವುದು ಧೂಳಿನಲ್ಲಿ. ಆ ನೆಲವನ್ನು ಪೊರಕೆಯಲ್ಲಿ ಒಣದಾಗಿ ಗುಡಿಸುವುದನ್ನು ಇಂದೇ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳು ಪೆಲೆಟ್ ಮುಟ್ಟಿದ ಕೈಯಲ್ಲಿ ಗೋಳಿಬಜೆ ತಿನ್ನುವುದನ್ನು ನಾನು ನೋಡಿದ್ದೇನೆ. ಕೈತೊಳೆಯುವ ಸಾಬೂನು ಮತ್ತು ತಣ್ಣೀರಿನ ನಲ್ಲಿ ಎಲೆಕ್ಟ್ರಾನಿಕ್ ಟಾರ್ಗೆಟ್ಟಿಗಿಂತ ಮೊದಲು ಬರಬೇಕು.

ಕೇಪುಕೋವಿ

ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿ ಇಟ್ಟುಕೊಂಡ ನಮ್ಮಂಥವರು ಈ ತಾಲೂಕಿನಲ್ಲಿ ಅನೇಕರಿದ್ದೇವೆ. ಕೆಲವರದ್ದು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಕೆಲವರದ್ದು ಹನ್ನೆರಡು ಬೋರಿನ ತೋಟೆ ಕೋವಿ. ಹಂದಿಯನ್ನು ಓಡಿಸಲು ಒಂದು ಸಿಡಿ ಸದ್ದು ಸಾಕಾಗುವುದರಿಂದ ಗುರಿಯಿಟ್ಟು ಹೊಡೆದು ನೋಡುವ ಸಂದರ್ಭ ನಮಗೆ ಬರುವುದೇ ಇಲ್ಲ. ಚುನಾವಣೆ ಘೋಷಣೆಯಾದಾಗ ಠೇವಣಿ ಇಟ್ಟ ಕೋವಿ ತಿಂಗಳುಗಳ ನಂತರ ಮರಳಿ ಬಂದಾಗ ನಳಿಗೆಯೊಳಗೆ ತುಕ್ಕಿದೆಯೇ, ಕಣಜದ ಹುಳು ಮಣ್ಣಿನ ಗೂಡು ಕಟ್ಟಿದೆಯೇ ಎಂದು ತಿಳಿದವರ ಎದುರು ಪರೀಕ್ಷಿಸಲು ಒಂದು ಜಾಗವಿದ್ದರೆ ಉಪಕಾರವಾಗುತ್ತದೆ. ಗೂಡು ಇದ್ದ ನಳಿಗೆಯಲ್ಲಿ ಈಡು ಹೊಡೆದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೆ ಎರಡು ದಿನ ನಮಗೂ ಬಿಟ್ಟುಕೊಡಬಹುದೇ? ದಿಬ್ಬದ ಕೆಲಸಕ್ಕೆ ಆಳುಗಳೊಂದಿಗೆ ನಾವು ಬರುತ್ತೇವೆ. ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವ ಆಟವನ್ನೂ ಆರಂಭಿಸಿದರೆ ಕಿರಿಯರು ಬರುತ್ತಾರೆಂದು ನನ್ನ ಮಗ ಹೇಳುತ್ತಾನೆ.

ರೇಂಜ್ ಆಫೀಸರ್

ಎರಡು ಬೇಡಿಕೆಗಳನ್ನು ಬೇರೆಬೇರೆಯಾಗಿ ನೋಡಬೇಕು.

ಹಾರುವ ತಟ್ಟೆಯ ಟ್ರ್ಯಾಪ್ ಶೂಟಿಂಗ್ ನಮ್ಮ ಕೋರೆಯಲ್ಲಿ ಸಾಧ್ಯವಿಲ್ಲ, ಮುಂದೆಯೂ ಸಾಧ್ಯವಾಗದು. ತಟ್ಟೆ ಹಾರುವುದು ಆಕಾಶದಲ್ಲಿ, ತೋಟೆಯಿಂದ ಚಿಮ್ಮುವ ಚಿಕ್ಕ ಸೀಸದ ಕಾಳುಗಳು, ಅಂದರೆ ಚರೆ, ಬೀಳುವುದು ಇನ್ನೂರು ಮೀಟರಿಗೂ ಆಚೆ. ಅಂದರೆ ದಿಬ್ಬವನ್ನೂ ದರೆಯನ್ನೂ ದಾಟಿ ಊರ ಹಾಡಿಯಲ್ಲಿ. ಸ್ಪರ್ಧೆಯ ಒಂದು ತೋಟೆಯಲ್ಲಿ 24 ಗ್ರಾಮ್ ಸೀಸದ ಚರೆಯಿರುತ್ತದೆ. ಹಾಗೆ ಒಬ್ಬರು ಇಪ್ಪತ್ತೈದು ತಟ್ಟೆಗಳಿಗೆ ಒಂದೊಂದೇ ಈಡು ಹೊಡೆದರೂ 600 ಗ್ರಾಮ್ ಸೀಸ ಹೆಕ್ಕಲಾಗದಂತೆ ಚೆಲ್ಲಿಹೋಗುತ್ತದೆ. ಅದು ಸಾಲದೆಂಬಂತೆ ಹೊಳಪಿನ ಚರೆಯ ಕಾಳುಗಳನ್ನು ನವಿಲು, ಕೋಳಿಗಳು ಹರಳೆಂದು ನುಂಗುತ್ತವೆ.

ರೈತರ ಬೇಡಿಕೆ ನ್ಯಾಯವಾದದ್ದು. ನೆಲದಲ್ಲಿ ನಿಲ್ಲಿಸಿದ ದೊಡ್ಡ ಕಾಗದಕ್ಕೆ ಇಪ್ಪತ್ತೈದು ಮೀಟರ್‌ನಿಂದ ದಿಬ್ಬದ ಕಡೆಗೆ ಹೊಡೆದರೆ ಚರೆ ಎಷ್ಟು ಹರಡುತ್ತದೆಂಬುದು ತಿಳಿಯುತ್ತದೆ, ಸೀಸವೂ ದಿಬ್ಬದಲ್ಲೇ ಉಳಿಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಗೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನು ಕೇಳುವುದರಿಂದ, ಕೋವಿ ಹಿಡಿದವರು ಆಗಾಗ ಅಭ್ಯಾಸ ಮಾಡುವುದನ್ನು ನಾವು ಪ್ರೋತ್ಸಾಹಿಸಲೇಬೇಕು. ಆದರೆ ಷರತ್ತುಗಳಿವೆ. ಕಲ್ಲು ತೇಲಿದ ಈಗಿನ ದಿಬ್ಬಕ್ಕೆ ಒಂದೂ ಈಡು ಬೇಡ, ಕೆಲಸ ಮುಗಿದ ಮೇಲೆ ಮಾತ್ರ. ಪರವಾನಗಿಯ ಪುಸ್ತಕ ಜೊತೆಗಿರಬೇಕು, ನಮ್ಮ ಮೈದಾನದ ಪರವಾನಗಿಯಲ್ಲಿ ಇದಕ್ಕೆ ಅವಕಾಶವಿದೆಯೆಂಬುದನ್ನು ಸಮಿತಿ ಮೊದಲು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ಕೇಪಿನ ಕೋವಿಯ ಕರಿಮದ್ದು ಕಿಡಿ ಚೆಲ್ಲುವುದರಿಂದ ಒಣಹುಲ್ಲಿರುವ ಮಾರ್ಚ್, ಏಪ್ರಿಲ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ದೀಪಾವಳಿಯ ಆಸುಪಾಸು ನೆಲ ಇನ್ನೂ ಹಸಿಯಿರುವಾಗ ಒಂದು ದಿನ ಇಟ್ಟುಕೊಳ್ಳಬಹುದು. ಹನ್ನೆರಡು ಬೋರಿನ ಸದ್ದು 150 ಡೆಸಿಬೆಲ್ ಮೀರುತ್ತದೆ, ಪಾಯಿಂಟ್ 22ರ ಸದ್ದೇ ಕಿವಿಗೆ ಹಾನಿ ಮಾಡುವ ಮಟ್ಟಕ್ಕೆ ಹತ್ತಿರವಿದೆ. ಹತ್ತಿಯನ್ನು ಕಿವಿಗೆ ತುರುಕಿಕೊಂಡು ಬಂದವರನ್ನು ಹಿಂದಕ್ಕೆ ಕಳಿಸುತ್ತೇನೆ, ಬೇಸರ ಮಾಡಿಕೊಳ್ಳಬಾರದು.

ವೇಳೆಯ ಬಗ್ಗೆ ಒಂದು ಸೂಚನೆ. ತೆರೆದ ಸಾಲನ್ನು ಬೆಳಿಗ್ಗೆ ಏಳರಿಂದ ಹತ್ತೂವರೆಯೊಳಗೆ ಮುಗಿಸೋಣ. ಹನ್ನೊಂದರ ಸುಮಾರಿಗೆ ಕಡಲಗಾಳಿ ಏಳುತ್ತದೆ. ಆಮೇಲೆ ಹತ್ತು ಮತ್ತು ಮೂವತ್ತು ಮೀಟರಿನಲ್ಲಿ ಕಟ್ಟಿದ ಗಾಳಿಪಟ್ಟಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಆಡುತ್ತವೆ, ಸದ್ದೂ ಗಾಳಿಯ ಜೊತೆ ಪೂರ್ವದ ಮನೆಗಳ ಕಡೆಗೇ ಹೋಗುತ್ತದೆ. ಬಾವುಟದ ಕಂಬ ಸರಿಯಾಗುವ ತನಕ ತೆರೆದ ಸಾಲು ನಡೆಯುವುದಿಲ್ಲ. ಕೆಂಪು ಬಾವುಟ ಕಾಣದೆ ಹುಲ್ಲು ಕೊಯ್ಯಲು ಒಳಗೆ ಬಂದವರನ್ನು ಬೈಯುವ ಹಕ್ಕು ನಮಗಿಲ್ಲ. ಗುರಿ ಬದಲಿಸಲು ಜನ ಮುಂದೆ ಹೋಗುವಾಗ ಪ್ರತಿ ರೈಫಲ್‌ನ ಬೋಲ್ಟ್ ತೆರೆದು, ಒಳಗೆ ಗುಂಡಿಲ್ಲವೆಂದು ತೋರಿಸುವ ಸೇಫ್ಟಿ ಫ್ಲ್ಯಾಗ್ ತೂರಿಸಿರಬೇಕೆಂಬುದನ್ನು ಹಳೆಯ ಸದಸ್ಯರಿಗೇ ಹೆಚ್ಚು ಬಾರಿ ನೆನಪಿಸಬೇಕಾಗಿ ಬಂದಿದೆ.

ಮಲ್ಪೆ ದಾರಿ

ಜರಡಿಯಲ್ಲಿ ಸಿಗುವ ಸೀಸವನ್ನು ಏನು ಮಾಡುತ್ತೀರಿ? ಬಂದರಿನಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡಿಗೆ ಯಾವಾಗಲೂ ಬೇಡಿಕೆಯಿದೆ. ಒಲೆಯ ಮೇಲೆ ಬಾಣಲೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುವವರು ನನಗೆ ಗೊತ್ತು. ಬಂದ ಹಣದಲ್ಲಿ ಒಂದು ಟಾರ್ಗೆಟ್ಟಿನ ಸ್ವಲ್ಪ ಪಾಲಾದರೂ ಬರಬಹುದು.

ರಸಾಯನ ಪಾಠ

ದಯವಿಟ್ಟು ಬೇಡ. ಸೀಸ 327 ಡಿಗ್ರಿಗೇ ಕರಗುವುದರಿಂದ ಅಡುಗೆಯ ಒಲೆಯೂ ಸಾಕಾಗುತ್ತದೆ, ಅಪಾಯವಿರುವುದೂ ಅಲ್ಲೇ. ಮಣ್ಣು ಮೆತ್ತಿದ ಗುಂಡನ್ನು ಕರಗಿಸಿದಾಗ ಏಳುವ ಹೊಗೆ ಮತ್ತು ಮೇಲೆ ಕಟ್ಟುವ ಬೂದಿಯ ಧೂಳು ಆ ಮನೆಯ ಮಕ್ಕಳ ದೇಹಕ್ಕೆ ಹೋಗುತ್ತದೆ. ನಮ್ಮ ದಿಬ್ಬವನ್ನು ಶುದ್ಧ ಮಾಡಿ ಇನ್ನೊಬ್ಬರ ಅಡುಗೆಮನೆಯನ್ನು ಕೆಡಿಸಿದಂತಾಗುತ್ತದೆ. ಬ್ಯಾಟರಿಯ ಸೀಸವನ್ನು ಮರುಬಳಕೆ ಮಾಡುವ ಅಧಿಕೃತ ಘಟಕಕ್ಕೇ ತೂಕ ಹಾಕಿ, ರಸೀದಿ ಪಡೆದು ಕೊಡಬೇಕು. ಬೆಲೆ ಕಡಿಮೆ ಸಿಕ್ಕರೂ ಚಿಂತೆಯಿಲ್ಲ.

ಜರಡಿ ಹಿಡಿಯುವಾಗ ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸಿ ಧೂಳೇಳದಂತೆ ನೋಡಿಕೊಳ್ಳಿ. ಎನ್95 ಮುಖಗವಸು, ಕೈಗವಸು ಎಲ್ಲರಿಗೂ ಬೇಕು. ಮಕ್ಕಳೂ ಗರ್ಭಿಣಿಯರೂ ಆ ದಿನ ಮೈದಾನದ ಹತ್ತಿರ ಬರಬಾರದು. ತೊಟ್ಟ ಬಟ್ಟೆಯನ್ನು ಮನೆಯ ಬಟ್ಟೆಯೊಂದಿಗೆ ಒಗೆಯಬಾರದು.

ಭಾನುವಾರದವನು

ಇಷ್ಟೆಲ್ಲ ಬರೆದಾಯಿತು. ಕಳೆದ ಶ್ರಮದಾನದಲ್ಲಿ ಹಾರೆ ಹಿಡಿದವರು ಬೆರಳೆಣಿಕೆಯ ಜನ, ಊಟದ ಹೊತ್ತಿಗೆ ಬಂದವರು ಅದರ ಮೂರು ಪಟ್ಟು. ಈ ಸಲ ಕೆಲಸಕ್ಕೆ ಬರುವವರು ಹೆಸರನ್ನು ಮೊದಲೇ ಬರೆಸಲಿ.

ಹತ್ತು ಮೀಟರ್

ಸದ್ದು ಕೇಳಿದವರು ಒಬ್ಬರಲ್ಲ ಎಂಬುದನ್ನು ಓದಿದ ಮೇಲೆ ಮಕ್ಕಳ ಪೋಷಕರೊಡನೆ ಮಾತಾಡಿದೆ. ಅವರ ವಾಹನಗಳು ನಿಲ್ಲುವುದೂ ದರೆಯ ಪಕ್ಕದಲ್ಲೇ. ದಿಬ್ಬ ಮೊದಲು ಆಗಲಿ ಎಂಬುದಕ್ಕೆ ನಾವು ಒಪ್ಪುತ್ತೇವೆ. ಆದರೆ ಟಾರ್ಗೆಟ್ಟಿನ ಬೇಡಿಕೆ ಮುಂದಿನ ವರ್ಷವೂ ಇದೇ ಸ್ಥಿತಿಯಲ್ಲಿ ಇರಬಾರದು. ಉಳಿದ ಹಣವನ್ನು ಅದಕ್ಕೆಂದೇ ಪ್ರತ್ಯೇಕವಾಗಿಟ್ಟು ಲೆಕ್ಕವನ್ನು ಸದಸ್ಯರಿಗೆ ತೋರಿಸಬೇಕು. ಈ ಮಳೆಗಾಲಕ್ಕೆ ತಾತ್ಕಾಲಿಕವಾಗಿ ಗುರಿಯ ಕಾರ್ಡುಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟರೆ ಉಬ್ಬುವುದು ಕಡಿಮೆಯಾದೀತು. ರೈಫಲ್‌ಗಳನ್ನು ಇಡುವ ಕಪಾಟಿಗೂ ಅದು ಬೇಕು. ತುಕ್ಕು ತಡೆಯಲೆಂದು ತೆಂಗಿನೆಣ್ಣೆ ಹಚ್ಚುವ ಪದ್ಧತಿಯನ್ನು ದಯವಿಟ್ಟು ಬಿಡಿ, ಕೆಲವೇ ವಾರಗಳಲ್ಲಿ ಅದು ಅಂಟಾಗಿ ಟ್ರಿಗರ್ ನಿಧಾನವಾಗುತ್ತದೆ.

ನಿರ್ವಹಣಾ ಸಮಿತಿ

ಸಮಿತಿ ಸಭೆ ಸೇರಿ ಹೀಗೆ ನಿರ್ಧರಿಸಿದೆ. ಈ ವರ್ಷದ ಹಣ ದಿಬ್ಬಕ್ಕೆ. ಮೇಲ್ಕಣಿಯ ಕೆಲಸ ಮೊದಲು, ಜರಡಿ ಅದರ ನಂತರ, ಲಾವಂಚ ಕೊನೆಗೆ. ದಿಬ್ಬ ಮುಗಿಯುವ ತನಕ ಐವತ್ತು ಮೀಟರ್ ಸಾಲು ಇಂದಿನಿಂದಲೇ ಮುಚ್ಚಿರುತ್ತದೆ. ಹೂಳುಗುಂಡಿಗೆ ಗಡಿಯ ಜಾಗವನ್ನು ಬಳಸುವ ಬಗ್ಗೆ ಕೆಳಮನೆಯವರೊಂದಿಗೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಲಾಗುವುದು. ಅವರ ಬಾವಿ ಮತ್ತು ತೋಡಿನ ನೀರನ್ನು ಮಳೆಗೆ ಮೊದಲೊಮ್ಮೆ, ಆಟಿ ತಿಂಗಳಲ್ಲೊಮ್ಮೆ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮೈದಾನದ ಖರ್ಚಿನಲ್ಲಿ ಪರೀಕ್ಷಿಸಿ, ಬಂದ ಫಲಿತಾಂಶವನ್ನು ಅದು ಹೇಗೇ ಇದ್ದರೂ ಇಲ್ಲಿ ಪೂರ್ತಿಯಾಗಿ ಪ್ರಕಟಿಸಲಾಗುವುದು. ಎಲೆಕ್ಟ್ರಾನಿಕ್ ಟಾರ್ಗೆಟ್ಟಿನ ನಿಧಿಯನ್ನು ಬೇರೆ ಖಾತೆಯಲ್ಲಿ ಇಡಲಾಗುವುದು. ರೈತರ ಕೋವಿ ಪರೀಕ್ಷೆಯ ದಿನದ ಬಗ್ಗೆ ಪರವಾನಗಿ ಪ್ರಾಧಿಕಾರದ ಉತ್ತರ ಬಂದ ನಂತರ ತಿಳಿಸುತ್ತೇವೆ. ಟ್ರ್ಯಾಪ್ ಶೂಟಿಂಗ್ ಪ್ರಸ್ತಾಪವನ್ನು ಕೈಬಿಡಲಾಗಿದೆ.

ಕೆಲಸಕ್ಕೆ ಬರುವವರು ಹೆಸರು ಬರೆಸುವಾಗ ಹಾರೆ, ಬುಟ್ಟಿ, ಜರಡಿಗಳಲ್ಲಿ ಯಾವುದನ್ನು ತರುತ್ತೀರೆಂದು ನಮೂದಿಸಿ. ಮುಖಗವಸು, ಕೈಗವಸುಗಳನ್ನು ಮೈದಾನವೇ ಕೊಡುತ್ತದೆ.

ಕೆಳಮನೆ

ಜಾಗದ ಒಪ್ಪಂದಕ್ಕೆ ನನ್ನ ಒಪ್ಪಿಗೆಯಿದೆ. ಲಾವಂಚದ ಬುಡಗಳು ನಮ್ಮ ತೋಟದ ಅಗಳಿನ ಬದಿಯಲ್ಲಿ ಸಾಕಷ್ಟಿವೆ, ಕೊಳ್ಳಬೇಕಾಗಿಲ್ಲ. ನೆಡುವುದಕ್ಕೆ ಹಿಂದಿನ ದಿನ ಸಂಜೆ ಯಾರಾದರೂ ಇಬ್ಬರು ಬಂದರೆ ಕಿತ್ತು ಕೊಡುತ್ತೇನೆ.